ಸಹಾಯ ಬೇಕು: ನರ್ಸ್‌ಗಳ ಇಂಗ್ಲಿಷ್ ಮಾತಿನಲ್ಲಿ ‘ಓಕೆ’ಯನ್ನು ಗುರುತಿಸುವುದು ಹೇಗೆ?

ನಮಸ್ಕಾರ. ಕಾಸರಗೋಡಿನ ಬದಿಯಡ್ಕದಲ್ಲಿ, ವಿದೇಶಕ್ಕೆ ಹೊರಟ ನರ್ಸ್‌ಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಪಠ್ಯದ ಸಂಭಾಷಣೆ ವಾರ್ಡಿನಲ್ಲಿ ಉಪಯೋಗಕ್ಕೆ ಬರಲಿಲ್ಲ ಎಂದು ಹಳೆಯ ವಿದ್ಯಾರ್ಥಿನಿಯರೇ ನೊಂದು ಹೇಳಿದರು. ಹಾಗಾಗಿ, ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಮಾತನ್ನು ಅವರಿಂದಲೇ ಆಡಿಸಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡೆ.

ಅದನ್ನು ಬರಹಕ್ಕಿಳಿಸಲು ಬಳಸಿದ ಮೊಬೈಲ್ ತಂತ್ರಾಂಶ ತಡವರಿಕೆಗಳನ್ನೆಲ್ಲ ಅಳಿಸಿಬಿಟ್ಟಿತು. ನನಗೆ ಬೇಕಾದದ್ದೇ ಅವು! ಕೊನೆಗೆ ಕೈಯಾರೆ ಬರೆದು, ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದೆ. ‘ಓಕೆ’ ಎಷ್ಟು ಸಲ ಬಂದಿದೆ ಎಂದು ಅದು ಎಣಿಸಿ ಕೊಡುತ್ತದೆ. ಆದರೆ ಒಂದು ‘ಓಕೆ’ ಒಪ್ಪಿಗೆ, ಇನ್ನೊಂದು ‘ಅರ್ಥವಾಯಿತೇ’ ಎಂಬ ಪ್ರಶ್ನೆ, ಮತ್ತೊಂದು ಮುಂದಿನ ರೋಗಿಯ ವಿಷಯಕ್ಕೆ ಹೊರಳುವ ಸೂಚನೆ. ಪಾಠಕ್ಕೆ ಬೇಕಿರುವುದು ಈ ವ್ಯತ್ಯಾಸವೇ.

ಮಾತನ್ನು ಬರೆದುಕೊಳ್ಳುವಾಗಲೇ ಪ್ರತಿ ‘ಓಕೆ’ಗೂ ಬೇರೆ ಗುರುತು ಹಾಕಬೇಕೇ, ಅಥವಾ ಎಣಿಕೆಯ ನಂತರ ‘ಓಕೆ’ ಬಂದ ಸಾಲುಗಳನ್ನು ಓದಿ ವಿಂಗಡಿಸಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.