ಬೋಲ್ಟ್ ಇರುವ ಸ್ಲ್ಯಾಬ್ ಮೊದಲ ಸಲ ಹತ್ತುತ್ತಿದ್ದೇನೆ, ಇಳಿಯೋದು ಹೇಗೆ?

ಪ್ರಶ್ನೆ: ಆರು ತಿಂಗಳಿಂದ ಒಳಾಂಗಣ ಗೋಡೆ ಹತ್ತುತ್ತಿದ್ದೇನೆ. ಮುಂದಿನ ವಾರ ಮೊದಲ ಸಲ ನಿಜವಾದ ಬಂಡೆ. ಇಳಿಜಾರಾದ ಸ್ಲ್ಯಾಬ್, 25 ಮೀಟರ್, ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟ್ ಹೊಡೆದಿದ್ದಾರೆ, ಹೊಸಬರಿಗೆ ಸುಲಭವಂತೆ. ನುರಿತ ಗೆಳತಿ ಜೊತೆಗಿರುತ್ತಾಳೆ. ಆದರೂ ರ‍್ಯಾಪೆಲ್ ಮಾಡಿ, ಅಂದರೆ ಮೇಲೆ ಸಿಕ್ಕಿಸಿದ ಹಗ್ಗದಲ್ಲಿ ನಾನೇ ವೇಗ ತಡೆದುಕೊಂಡು, ಇಳಿಯೋದು ನೆನೆಸಿಕೊಂಡರೆ ಭಯ. ನಿಮ್ಮ ಅನುಭವ ಹೇಳಿ.

ಉತ್ತರ: ಮೊದಲು ಹತ್ತುವ ಮಾತು. ಸ್ಲ್ಯಾಬಿನಲ್ಲಿ ಕೈಗೆ ಹಿಡಿತ ಹುಡುಕಬೇಡಿ, ಕಾಲನ್ನು ನಂಬಿ. ಭಯವಾದಾಗ ಬಂಡೆಯನ್ನು ತಬ್ಬಿಕೊಳ್ಳಬೇಕು ಅನಿಸುತ್ತದೆ, ಅಲ್ವಾ? ತಬ್ಬಿದರೆ ಶೂ ಜಾರುತ್ತದೆ. ಸೊಂಟ ಹೊರಗಿರಲಿ, ಹಿಮ್ಮಡಿ ಕೆಳಗಿರಲಿ, ಹೆಜ್ಜೆ ಚಿಕ್ಕದಿರಲಿ. ಬಂಡೆ ಒದ್ದೆ ಇದ್ದರೆ ಆ ದಿನ ಬಿಟ್ಟುಬಿಡಿ. ಇಂಥ ಕಡೆ ಬೋಲ್ಟುಗಳು ದೂರ ದೂರ ಇರುವುದೂ ಉಂಟು. ಬಿದ್ದರೆ ಗಾಳಿಯಲ್ಲಿ ಬೀಳುವುದಿಲ್ಲ, ಬಂಡೆಗೆ ಉಜ್ಜಿಕೊಂಡು ಜಾರುತ್ತೀರಿ. ಅದಕ್ಕೇ ಮೊದಲ ಸಲ ಗೆಳತಿಯೇ ಮುಂದೆ ಹತ್ತಲಿ, ನೀವು ಮೇಲಿನಿಂದ ಬಂದ ಹಗ್ಗದಲ್ಲಿ ಹತ್ತಿ.

ಉತ್ತರ: ಇಳಿಯುವುದರ ಬಗ್ಗೆ ನಾನು ಹೇಳುತ್ತೇನೆ. ಹಗ್ಗದ ಎರಡೂ ತುದಿಗೆ ಗಂಟು ಹಾಕದೆ ಇಳಿಯಲೇಬೇಡಿ.

ನನ್ನ ಮೂರನೆಯ ರ‍್ಯಾಪೆಲ್ ಅದು. ಹಗ್ಗದ ನಡುವಿನ ಗುರುತು ಮಾಸಿಹೋಗಿತ್ತು, ಅಂದಾಜಿನಲ್ಲಿ ಮೇಲೆ ಬಂಡೆಗೆ ಬಿಗಿದ ಲೋಹದ ರಿಂಗಿಗೆ ಹಾಕಿದ್ದೆವು. ನೆಲ ಇನ್ನೂ ಒಂದಾಳೆತ್ತರ ಇರುವಾಗ ಹಗ್ಗ ಹಿಡಿದು ವೇಗ ತಡೆಯುವ ಬ್ರೇಕ್ ಕೈಗೆ ಏನೋ ಗಟ್ಟಿಯಾಗಿ ತಾಗಿತು. ನೋಡಿದರೆ ಒಂದು ಕಡೆಯ ಗಂಟು. ಇನ್ನೊಂದು ತುದಿ ನೆಲದ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಗಂಟು ಇಲ್ಲದಿದ್ದರೆ ಆ ಎಳೆ, ಸೊಂಟದ ಪಟ್ಟಿಗೆ ಸಿಕ್ಕಿಸಿದ ಇಳಿಯುವ ಸಾಧನದಿಂದ ಜಾರಿ, ಇಡೀ ಹಗ್ಗ ಮೇಲಿನ ರಿಂಗ್ ದಾಟಿ ಓಡಿಬಿಡುತ್ತಿತ್ತು, ಜೊತೆಗೆ ನಾನೂ. ಕಾಲಿಗೆ ಒಳ್ಳೆಯ ಜಾಗ ಸಿಕ್ಕಿತು, ಬಚಾವಾದೆ.

ನಿಮಗೆ 25 ಮೀಟರಿಗೆ 60 ಮೀಟರಿನ ಹಗ್ಗ ಸಾಕು, ಆದರೆ ನಡುಭಾಗ ಸರಿಯಾಗಿ ರಿಂಗಿನಲ್ಲೇ ಇರಬೇಕು. ಎರಡೂ ತುದಿ ನೆಲ ಮುಟ್ಟಿದೆಯಾ ಅಂತ ಕೆಳಗಿನವರಿಂದ ಕೂಗಿಸಿ. ಸಾಧನದ ಕೆಳಗೆ ಪ್ರೂಸಿಕ್ (ಹಗ್ಗಕ್ಕೆ ಸುತ್ತಿ ಕಟ್ಟುವ, ಭಾರ ಬಿದ್ದರೆ ಬಿಗಿಯುವ ತೆಳು ದಾರದ ಗಂಟು) ಹಾಕಿಕೊಳ್ಳಿ, ಕೈ ಬಿಟ್ಟುಹೋದರೂ ಅದು ಹಿಡಿಯುತ್ತದೆ. ಆಂಕರಿಗೆ, ಅಂದರೆ ಮೇಲಿನ ರಿಂಗ್, ಬೋಲ್ಟುಗಳಿಗೆ, ಕಟ್ಟಿಕೊಂಡ ಪಟ್ಟಿಯನ್ನು ತಕ್ಷಣ ಬಿಚ್ಚಬೇಡಿ. ಹಗ್ಗದ ಮೇಲೆ ಪೂರ್ತಿ ಭಾರ ಹಾಕಿ ಕೂತು, ಸಾಧನ ಸಿಕ್ಕಿಸಿದ ಲೋಹದ ಕೊಂಡಿ, ಅಂದರೆ ಕ್ಯಾರಬೀನರ್, ಲಾಕ್ ಆಗಿದೆಯಾ ಅಂತ ಮುಟ್ಟಿ ನೋಡಿ, ಆಮೇಲೆ ಬಿಚ್ಚಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ, ಸಾಧನಕ್ಕೆ ಸಿಕ್ಕಿದರೆ ನೋಯುವುದಷ್ಟೇ ಅಲ್ಲ, ಅಲ್ಲೇ ನಿಲ್ಲಬೇಕಾಗುತ್ತದೆ. ಕಾಲು ಅಗಲಿಸಿ, ಹಿಂದಕ್ಕೆ ಒರಗಿ, ನಿಧಾನ ನಡೆದು ಬನ್ನಿ. ಜಿಗಿಯಬೇಡಿ.

ಉತ್ತರ: ಒಂದು ಮಾತು ಸೇರಿಸುತ್ತೇನೆ. ಸ್ಲ್ಯಾಬಿನಲ್ಲಿ ಎಸೆದ ಹಗ್ಗ ನೇರ ಕೆಳಗೆ ಹೋಗುವುದಿಲ್ಲ, ಪೊದೆಗೋ ಬಿರುಕಿಗೋ ಸಿಕ್ಕಿಕೊಳ್ಳುತ್ತದೆ. ನಾವು ಈಗ ಸುತ್ತಿದ ಹಗ್ಗವನ್ನು ಸೊಂಟದ ಪಕ್ಕ ನೇತುಹಾಕಿಕೊಂಡು ಬಿಡುತ್ತಾ ಇಳಿಯುತ್ತೇವೆ. ಕೊನೆಗೆ ಎಳೆಯುವ ಮೊದಲು ತುದಿಯ ಗಂಟುಗಳನ್ನು ಬಿಚ್ಚಿ. ಮರೆತರೆ ಮೇಲೆ ರಿಂಗಿಗೆ ಹೋಗಿ ಕಚ್ಚಿಕೊಂಡು ಕೂರುತ್ತದೆ.