ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡ್ ಲೈಟ್ ಹತ್ತುತ್ತದೆ, ಚೋಕ್ ಕೇಬಲ್ ಬಿಸಿಯಾಗುತ್ತದೆ: 1983ರ ಪದ್ಮಿನಿ, ಸಹಾಯ ಬೇಕು

ತೀರ್ಥಹಳ್ಳಿ_ಪದ್ಮಿನಿ

ಎಲ್ಲರಿಗೂ ನಮಸ್ಕಾರ. ಅಪ್ಪ 1983ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿದೆ. ಅವರು ಹೋದ ಮೇಲೆ ಒಂಬತ್ತು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಅಮ್ಮ ಒಂದು ಮಾತು ಅಂದರು, "ಇಟ್ಟುಕೊಳ್ಳುವುದಾದರೆ ಸರಿ ಮಾಡಿಸು, ಇಲ್ಲದಿದ್ದರೆ ಯಾರಿಗಾದರೂ ಕೊಡು, ಹೀಗೆ ಮಣ್ಣಾಗುವುದನ್ನು ನನ್ನ ಕೈಲಿ ನೋಡಲು ಆಗುವುದಿಲ್ಲ." ಆವತ್ತೇ ಕೆಲಸ ಶುರು ಮಾಡಿದೆ.

ಇಂಜಿನ್ ಇಳಿಸಿ ಬೋರ್ ಮಾಡಿಸಿದ್ದಾಯಿತು. ಟಿಂಕರಿಂಗ್ ಮಾಡಿಸಿ, ಬಾಡಿಯನ್ನು ತಗಡಿನ ತನಕ ಕೆರೆಸಿ ಹೊಸ ಪೇಂಟ್ ಹೊಡೆಸಿದ್ದೇನೆ. ನೋಡಲು ಚೆನ್ನಾಗಿಯೇ ಬಂದಿದೆ. ಸಿಕ್ಕಿಹಾಕಿಕೊಂಡಿರುವುದು ವೈರಿಂಗಿನಲ್ಲಿ.

ಡ್ಯಾಶ್‌ಬೋರ್ಡ್ ಕೆಳಗೆ ಇಲಿ ಗೂಡು ಮಾಡಿತ್ತು. ಅಡಿಕೆ ಸಿಪ್ಪೆ, ಸೀಟಿನ ನಾರು, ಹಳೇ ಸರ್ವಿಸ್ ಬಿಲ್ಲಿನ ಚೂರು ಎಲ್ಲ ಸೇರಿ ಒಂದು ಬುಟ್ಟಿ ಆಯಿತು. ಕಡಿದಿದ್ದ ಏಳೆಂಟು ವೈರುಗಳನ್ನು ಜೋಡಿಸಿದ್ದೇವೆ. ಈಗ ಇರುವ ತೊಂದರೆ ಹೇಳುತ್ತೇನೆ.

ಲೈಟ್ ಸ್ವಿಚ್ ಆಫ್ ಇದ್ದಾಗ ಬ್ರೇಕ್ ಒತ್ತಿದರೆ ಮೀಟರ್ ಒಳಗಿನ ಲೈಟು ಮಂದವಾಗಿ ಹತ್ತುತ್ತದೆ. ಆದರೆ ಹಿಂದೆ ಬ್ರೇಕ್ ಲೈಟ್ ಸರಿಯಾಗಿ ಉರಿಯುವುದಿಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ನಿಧಾನಕ್ಕೆ ತಿರುಗುತ್ತದೆ, ಬ್ಯಾಟರಿ ಹೊಸದೇ. ಜಾಸ್ತಿ ಹೊತ್ತು ಹೊಡೆದರೆ ಚೋಕ್ ಗುಂಡಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಮೊನ್ನೆ ಅದರ ಕೇಬಲ್‌ನಿಂದ ಹೊಗೆಯೇ ಬಂತು. ಅಲ್ಲದೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಪೂರ್ತಿ ಖಾಲಿ. ಬ್ಯಾಟರಿ ಚಾರ್ಜ್ ಮಾಡಲು ನನ್ನ ಗಾಡಿಯಲ್ಲಿರುವುದು ಹಳೇ ಥರದ ಡೈನಮೋ, ಆಲ್ಟರ್ನೇಟರ್ ಅಲ್ಲ.

ಇಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರು ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ಹಾಗೇ ಮಾಡಲಾ? ಮಾಡುವುದಾದರೆ ವೈರಿಂಗ್ ಕಿಟ್ ಎಲ್ಲಿ ಸಿಗುತ್ತದೆ? ಡೈನಮೋ ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಸ್ವಿಚ್), ಇಂಡಿಕೇಟರ್ ಸ್ವಿಚ್, ಎಡಗಡೆಯ ಟೇಲ್ ಲ್ಯಾಂಪ್ ಗಾಜು ಕೂಡ ಬೇಕು. ಶಿವಮೊಗ್ಗದಲ್ಲಿ ಹುಡುಕಿ ಸಾಕಾಗಿದೆ.

ಮೈಸೂರು_ಫಿಯಟ್

ಮೊದಲಿಗೆ, ಮಾರದೆ ಉಳಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ನನ್ನ ಹತ್ತಿರ 1978ರದ್ದು ಇದೆ. ಇಲಿ ಹೊಕ್ಕ ಗಾಡಿಯಲ್ಲಿ ತೇಪೆ ಹಾಕುತ್ತಾ ಹೋದರೆ ಮುಗಿಯುವುದಿಲ್ಲ, ನನ್ನ ಪ್ರಕಾರ ಹೊಸ ಕಿಟ್ಟೇ ಒಳ್ಳೆಯದು. ನಲವತ್ತು ವರ್ಷದ ವೈರು ಹೊರಗಿಂದ ಚೆನ್ನಾಗಿ ಕಂಡರೂ ಸಿಪ್ಪೆ ಬಿಡಿಸಿ ನೋಡಿದರೆ ಒಳಗೆ ತಾಮ್ರ ಕಪ್ಪಾಗಿರುತ್ತದೆ. ಅದಕ್ಕೆ ಸೋಲ್ಡರ್ ಕೂಡ ಹಿಡಿಯುವುದಿಲ್ಲ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೇಳಿ ಮಾಡಿಸಿದೆ. ಹಳೇ ಕಿಟ್ ತೆಗೆದುಕೊಂಡು ಹೋದರೆ ಅದರ ಅಳತೆಗೇ ಕಟ್ಟಿ ಕೊಡುವವರು ಇದ್ದಾರೆ. ಹಳೆಯದನ್ನು ಮಾತ್ರ ಎಸೆಯಬೇಡಿ, ಅದೇ ನಿಮ್ಮ ನಕ್ಷೆ.

ದಾವಣಗೆರೆ_ಆಟೋ_ಎಲೆಕ್ಟ್ರಿಕಲ್

ಸರ್, ಸ್ವಲ್ಪ ತಡೆಯಿರಿ. ಕಿಟ್ ಆಮೇಲೆ. ನೀವು ಹೇಳಿದ ಮೂರೂ ತೊಂದರೆ ನಾನು ಕೈಯಾರೆ ನೋಡಿದವೇ, ಮೂವತ್ತು ವರ್ಷದಿಂದ ಇದೇ ಕೆಲಸ. ಇವತ್ತು ಹೊಸ ಕಿಟ್ ಹಾಕಿದರೂ ಈ ತೊಂದರೆ ಹಾಗೇ ಇರುತ್ತದೆ, ದುಡ್ಡು ಹೋಗುತ್ತದೆ ಅಷ್ಟೆ.

ಚೋಕ್ ಕೇಬಲ್ ಬಿಸಿಯಾಗುತ್ತದೆ ಅಂದರಲ್ಲ, ಅಲ್ಲಿಂದ ಶುರು ಮಾಡೋಣ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಕೂತಿರುತ್ತದೆ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಇಂಜಿನ್‌ನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಅರ್ತ್ ಪಟ್ಟಿ ಇರಬೇಕು, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಗೇ ಅರ್ತ್ ಅನ್ನುವುದು. ಇಂಜಿನ್ ಇಳಿಸಿ ಏರಿಸಿದವರು ಅದನ್ನು ವಾಪಸ್ ಹಾಕಿಲ್ಲ, ಅಥವಾ ಹೊಸ ಪೇಂಟ್ ಮೇಲೇ ಬೋಲ್ಟ್ ಬಿಗಿದಿದ್ದಾರೆ. ಸ್ಟಾರ್ಟರ್ ಮೋಟಾರಿಗೆ ನೂರು ಆಂಪಿಯರ್‌ಗೂ ಮೇಲೆ ಕರೆಂಟ್ ಬೇಕು. ಅದು ವಾಪಸ್ ಬರಲು ದಾರಿ ಇಲ್ಲದಿದ್ದರೆ ಸಿಕ್ಕ ದಾರಿಯಲ್ಲಿ ಬರುತ್ತದೆ. ನಿಮ್ಮ ಗಾಡಿಯಲ್ಲಿ ಸಿಕ್ಕಿದ್ದು ಕಾರ್ಬ್ಯುರೇಟರ್‌ನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಚೋಕ್ ಕೇಬಲ್. ಅಷ್ಟು ತೆಳ್ಳಗಿನ ತಂತಿ ಸ್ಟಾರ್ಟರಿನ ಭಾರ ಹೊತ್ತರೆ ಕಾಯದೆ ಇನ್ನೇನು ಮಾಡುತ್ತದೆ? ಕಾರ್ಬ್ಯುರೇಟರ್ ಪಕ್ಕದಲ್ಲೇ ಪೆಟ್ರೋಲ್ ಇದೆ. ದಯವಿಟ್ಟು ಇದನ್ನು ಸರಿ ಮಾಡುವ ತನಕ ಸೆಲ್ಫ್ ಹೊಡೆಯಬೇಡಿ.

ನೋಡುವ ರೀತಿ ಸುಲಭ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ. ಒಬ್ಬರಿಗೆ ಎರಡೇ ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ಒಳಗೆ ಬಂದರೆ ಅರ್ತ್ ಸರಿ ಇದೆ. ಒಂದೆರಡು ವೋಲ್ಟ್ ಬಂದರೆ ಅಲ್ಲೇ ಕಾಯಿಲೆ.

ಬ್ರೇಕ್ ಲೈಟಿನದೂ ಇದೇ ಕಥೆ, ಜಾಗ ಬೇರೆ. ಹಿಂದಿನ ಬಲ್ಬಿನಲ್ಲಿ ಎರಡು ಫಿಲಮೆಂಟ್, 21 ವ್ಯಾಟಿನದು ಬ್ರೇಕಿಗೆ, 5 ವ್ಯಾಟಿನದು ಪಾರ್ಕಿಂಗಿಗೆ. ಎರಡಕ್ಕೂ ಅರ್ತ್ ಒಂದೇ, ಲ್ಯಾಂಪಿನ ತಗಡಿನಿಂದ ಬಾಡಿಗೆ. ಪೇಂಟ್ ಹೊಡೆದ ಮೇಲೆ ಲ್ಯಾಂಪ್ ಕೂತಿರುವುದು ಪೇಂಟ್ ಮೇಲೆ. ಬ್ರೇಕ್ ಒತ್ತಿದಾಗ ಬಂದ ಕರೆಂಟ್‌ಗೆ ಬಾಡಿ ಸಿಗುವುದಿಲ್ಲ, ಆಗ ಅದು 5 ವ್ಯಾಟ್ ಫಿಲಮೆಂಟ್ ಮೂಲಕ ಹಿಂದಕ್ಕೆ ಪಾರ್ಕಿಂಗ್ ಲೈನಿಗೆ ಹೋಗುತ್ತದೆ. ಆ ಲೈನಿನಲ್ಲೇ ಮೀಟರ್ ಲೈಟ್ ಇದೆ ಅಲ್ವಾ, ಅದಕ್ಕೇ ಅದು ಮಂದವಾಗಿ ಹತ್ತುವುದು. ಪೇಂಟ್ ಹೊಡೆಸಿ ಬಂದ ಹಳೇ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಈಗ ಬ್ಯಾಟರಿ ಇಳಿಯುವುದು. ಇದಕ್ಕೆ ನನಗೆ ಎರಡು ವಿಷಯ ಹೇಳಿ. ಕೀ ಆನ್ ಮಾಡಿದಾಗ, ಇಂಜಿನ್ ಶುರುವಾಗುವ ಮುಂಚೆ, ಕೆಂಪು ಚಾರ್ಜಿಂಗ್ ಲೈಟ್ ಬರುತ್ತದೆಯಾ? ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಡೈನಮೋ ಮುಟ್ಟಿ ನೋಡಿ, ಇಂಜಿನ್‌ಗಿಂತ ಅದು ಜಾಸ್ತಿ ಬಿಸಿ ಇದೆಯಾ?

ಕುರ್ಲಾ_ಕನ್ನಡಿಗ

ವೈರಿಂಗ್ ವಿಷಯಕ್ಕೆ ದಾವಣಗೆರೆಯವರು ಇದ್ದಾರೆ, ನಾನು ಪಾರ್ಟ್ಸ್ ಬಗ್ಗೆ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಮುಂಬೈನಲ್ಲಿ, ಈ ಗಾಡಿಗಳು ತಯಾರಾಗುತ್ತಿದ್ದ ಕುರ್ಲಾದಲ್ಲೇ ನಮ್ಮ ಮನೆ. ಕಪ್ಪು ಹಳದಿ ಟ್ಯಾಕ್ಸಿಗಳೆಲ್ಲ ಪದ್ಮಿನಿಗಳೇ ಆಗಿದ್ದ ಕಾಲದಲ್ಲಿ ಇದರ ಬಿಡಿಭಾಗ ಸಿಗದ ಗಲ್ಲಿ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೊನೆಯ ಟ್ಯಾಕ್ಸಿಯ 20 ವರ್ಷದ ಅವಧಿ ಮುಗಿಯಿತು. ಆ ದಿನ ನಾನು ರಸ್ತೆ ಬದಿ ನಿಂತು ಒಂದು ಟ್ಯಾಕ್ಸಿ ಹೋಗುವುದನ್ನು ಕಣ್ಣು ತುಂಬ ನೋಡಿದೆ. ಅಲ್ಲಿಂದ ಸಾಮಾನು ಕಡಿಮೆಯಾಗುತ್ತಿದೆ, ಹಾಗಾಗಿ ಬೇಕಾದದ್ದನ್ನು ಈಗಲೇ ಕೊಂಡು ಇಡಿ.

ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲಿ ಬಿಚ್ಚಿದ ಸಾಮಾನು ಸಿಗುತ್ತದೆ. ಡಬ್ಬಿ ಬಿಚ್ಚದ ಹಳೇ ಸ್ಟಾಕ್ ಬೇಕಾದರೆ ಒಪೆರಾ ಹೌಸ್ ಹತ್ತಿರದ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಫೋನಿನಲ್ಲಿ ಹೆಸರು ಹೇಳಿದರೆ ಪ್ರಯೋಜನವಿಲ್ಲ. ನಿಮ್ಮ ಹಳೇ ಸಾಮಾನಿನ ಫೋಟೋ ಮೂರು ಕಡೆಯಿಂದ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿನ ನಂಬರ್ ಕಾಣುವಂತೆ ಕಳಿಸಿ. ಇಂಡಿಕೇಟರ್ ಸ್ವಿಚ್‌ಗೆ ಎಷ್ಟು ವೈರ್ ಹೊರಬರುತ್ತವೆ, ಯಾವ ಬಣ್ಣ ಅನ್ನುವುದನ್ನು ಎಣಿಸಿ ಬರೆದು ಕಳಿಸಿ. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಸ್ವಿಚ್ ತರಿಸಿಕೊಂಡು, ಒಳಗಿನ ಕನೆಕ್ಷನ್ ಬೇರೆಯಾಗಿ ಎರಡು ಸಲ ವಾಪಸ್ ಕಳಿಸಿದ್ದೇನೆ.

ಇನ್ನೊಂದು ಮಾತು. ಇಟಲಿಯಿಂದ ತರಿಸುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ನಮ್ಮ ಪದ್ಮಿನಿ ಅಲ್ಲಿನ ಫಿಯಟ್ 1100-ಡಿ ಬಾಡಿಯೇ ಹೌದು. ಇಲ್ಲಿ 1964ರಿಂದ ಡಿಲೈಟ್, 1972ರಲ್ಲಿ ಪ್ರೆಸಿಡೆಂಟ್, 1974ರಿಂದ ಪದ್ಮಿನಿ ಅಂತ ಹೆಸರು ಬದಲಾಯಿತು ಅಷ್ಟೆ. ಹಾಗಾಗಿ ಬಾಗಿಲು, ಗಾಜಿನ ರಬ್ಬರ್‌ಗಳಿಗೆ ಅಲ್ಲಿ ಹುಡುಕಬಹುದು. ಇಂಜಿನ್ ಸಾಮಾನಿಗೆ ಮಾತ್ರ ಹುಷಾರು. ಅಲ್ಲಿನ 1100-ಡಿ ಇಂಜಿನ್ 1221 ಸಿಸಿ, ನಮ್ಮದು 1089. ಪಿಸ್ಟನ್ ಸೆಟ್ ತರಿಸಿಕೊಂಡರೆ ಶೋಕೇಸಿನಲ್ಲಿ ಇಡಬೇಕಾಗುತ್ತದೆ.

ಟೇಲ್ ಲ್ಯಾಂಪ್ ಗಾಜಿಗೆ ನಾನೂ ಕಣ್ಣಿಟ್ಟಿರುತ್ತೇನೆ, ಫೋಟೋ ಹಾಕಿ.

ತೀರ್ಥಹಳ್ಳಿ_ಪದ್ಮಿನಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ದಾವಣಗೆರೆ ಸರ್, ನೀವು ಹೇಳಿದ್ದನ್ನು ಓದಿದ ತಕ್ಷಣ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿದೆ. ಪಟ್ಟಿ ಇದೆ! ಆದರೆ ಅದರ ಒಂದು ತುದಿ ಇಂಜಿನ್‌ಗೆ ಬಿಗಿದಿದೆ, ಇನ್ನೊಂದು ತುದಿ ಸುಮ್ನೆ ನೇತಾಡುತ್ತಿದೆ. ಅದರ ಬೋಲ್ಟ್ ತೂತು ಪೇಂಟಿನಿಂದ ಮುಚ್ಚಿಹೋಗಿ ಕಾಣುತ್ತಲೇ ಇರಲಿಲ್ಲ, ಬೆರಳಾಡಿಸಿದಾಗ ಸಿಕ್ಕಿತು. ಬಿಗಿಯುವ ಮುಂಚೆ ಮೀಟರ್ ಇಟ್ಟು ಎರಡು ಸೆಕೆಂಡ್ ನೋಡಿದೆ, 4.1 ವೋಲ್ಟ್.

ಕೆಂಪು ಲೈಟ್ ವಿಷಯ: ಕೀ ಆನ್ ಮಾಡಿದರೆ ಬರುವುದಿಲ್ಲ. ಬಲ್ಬ್ ಹೋಗಿದೆ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಶೆಡ್ಡಿನ ದೀಪ ಆರಿಸಿ ನೋಡಿದರೆ, ಕೀ ತೆಗೆದ ಮೇಲೆ ಅದೇ ಬಲ್ಬ್ ಸಣ್ಣಗೆ ಉರಿಯುತ್ತಿದೆ! ಡೈನಮೋ ಒಂದು ಗಂಟೆ ಆದ ಮೇಲೂ ಬಿಸಿ ಇತ್ತು. ತಕ್ಷಣ ಬ್ಯಾಟರಿ ವೈರ್ ಬಿಚ್ಚಿದೆ.

ದಾವಣಗೆರೆ_ಆಟೋ_ಎಲೆಕ್ಟ್ರಿಕಲ್

ಬಿಚ್ಚಿದ್ದು ಒಳ್ಳೆಯದಾಯಿತು. ಕಟೌಟ್ ಪಾಯಿಂಟ್ (ಒಳಗೆ ಕೂಡಿ ಬಿಡುವ ಲೋಹದ ತುದಿಗಳು) ಅಂಟಿಕೊಂಡಿದೆ, ಇನ್ನು ಅನುಮಾನವೇ ಬೇಡ. ಡೈನಮೋ ತಿರುಗುವಾಗ ಮಾತ್ರ ಅದು ಬ್ಯಾಟರಿಗೆ ಸೇರಬೇಕು, ನಿಂತಾಗ ಬಿಡಬೇಕು. ನಿಮ್ಮದರಲ್ಲಿ ಬಿಡುತ್ತಿಲ್ಲ. ಹಾಗಾಗಿ ಇಡೀ ರಾತ್ರಿ ಬ್ಯಾಟರಿ ಆ ಡೈನಮೋವನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತದೆ, ಬೆಲ್ಟ್ ಬಿಡುವುದಿಲ್ಲ, ಒಳಗಿನ ಆರ್ಮೇಚರ್ ಸುರುಳಿ ಬಿಸಿಯಾಗುತ್ತದೆ. ಇನ್ನೂ ನಾಲ್ಕು ದಿನ ಹೀಗೇ ಇದ್ದಿದ್ದರೆ ಡೈನಮೋ ಸುಟ್ಟುಹೋಗುತ್ತಿತ್ತು.

ಬ್ಯಾಟರಿ ಬಿಚ್ಚಿಯೇ ಇರಲಿ. ಕಟೌಟ್ ಮುಚ್ಚಳ ತೆಗೆಯಿರಿ, ಪಾಯಿಂಟ್ ನಿಧಾನಕ್ಕೆ ಬಿಡಿಸಿ, ತುಂಬ ನಯವಾದ ಉಪ್ಪುಕಾಗದದ ಚೂರು ನಡುವೆ ಎಳೆದು ಧೂಳು ಊದಿ. ಸ್ಪ್ರಿಂಗ್ ಬಗ್ಗಿಸಬೇಡಿ, ಅದರ ಸೆಟ್ಟಿಂಗ್ ಹೋದರೆ ಮತ್ತೆ ಕೂರಿಸುವುದು ಬಹಳ ಕಷ್ಟ. ಇದು ತಾತ್ಕಾಲಿಕ, ಪಾಯಿಂಟಿನಲ್ಲಿ ಗುಳಿ ಬಿದ್ದಿದ್ದರೆ ಮತ್ತೆ ಅಂಟುತ್ತದೆ. ಹೊಸ ಕಟೌಟ್ ಸಿಕ್ಕಿದ ದಿನವೇ ಬದಲಿಸಿ.

ಡೈನಮೋ ಉಳಿದಿದೆಯಾ ಅಂತಲೂ ನೋಡಿಬಿಡಿ. ಅದರ ಮೇಲೆ ಡಿ, ಎಫ್ ಅಂತ ಗುರುತಿರುವ ಜಾಗದ ವೈರ್ ಎರಡೂ ಬಿಚ್ಚಿ, ಡಿ-ಎಫ್ ಒಂದಕ್ಕೊಂದು ಸಣ್ಣ ತಂತಿಯಿಂದ ಸೇರಿಸಿ. ಮೀಟರ್ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಡೈನಮೋ ಮೈಗೆ. ಇಂಜಿನ್ ಐಡ್ಲಿಂಗ್‌ನಿಂದ ಸ್ವಲ್ಪವೇ ಏರಿಸಿ. ವೋಲ್ಟ್ ಸರಸರನೆ 12, 14 ಅಂತ ಏರಿದರೆ ಡೈನಮೋ ಗಟ್ಟಿ. ಅಲ್ಲಿಗೇ ನಿಲ್ಲಿಸಿ, ರೇಸ್ ಕೊಡಬೇಡಿ.

ಹಿಂದಿನ ಲ್ಯಾಂಪಿಗೆ ಪೇಂಟ್ ಕೆರೆಯಲು ಮನಸ್ಸು ಬರುವುದಿಲ್ಲ, ಗೊತ್ತು. ಹೊರಗೆ ಕೆರೆಯುವುದು ಬೇಡ. ಡಿಕ್ಕಿ ಒಳಗಡೆ, ಲ್ಯಾಂಪಿನ ನಟ್ ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಬರಿ ತಗಡು ಬರುವ ತನಕ ತಿಕ್ಕಿ, ನಟ್ ಬಿಗಿದ ಮೇಲೆ ಮೇಲೆ ಸ್ವಲ್ಪ ಗ್ರೀಸ್ ಸವರಿ. ನಿಮ್ಮ ಕಡೆ ಮಳೆಗೆ ಬರಿ ತಗಡು ಬಿಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು.

ಮೈಸೂರು_ಫಿಯಟ್

ಸರ್, ನಾನು ಕಿಟ್ ಹಾಕಿಸಿ ಅಂದಿದ್ದು ಅವಸರದ ಮಾತಾಯಿತು, ಒಪ್ಪುತ್ತೇನೆ. ಆದರೂ ಡ್ಯಾಶ್‌ಬೋರ್ಡ್ ಕೆಳಗೆ ಇಲಿ ಕಡಿದ ಭಾಗ ಮಾತ್ರ ಹೊಸದಾಗಿ ಹಾಕುವುದು ಒಳ್ಳೆಯದಲ್ವಾ? ಮತ್ತೆ ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕುವುದು?

ದಾವಣಗೆರೆ_ಆಟೋ_ಎಲೆಕ್ಟ್ರಿಕಲ್

ಖಂಡಿತ ಹಾಕಬೇಕು. ಕಡಿದ ಜಾಗದಿಂದ ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ, ಅಲ್ಲಿಂದ ಅದೇ ದಪ್ಪದ, ಆದಷ್ಟೂ ಅದೇ ಬಣ್ಣದ ವೈರ್. ಬಣ್ಣ ಸಿಗದಿದ್ದರೆ ಎರಡೂ ತುದಿಗೆ ಚೀಟಿ ಕಟ್ಟಿ. ಎಲ್ಲದಕ್ಕೂ ಕೆಂಪು ವೈರ್ ಹಾಕಿ ಹೋದವರ ಗಾಡಿ ನನ್ನ ಹತ್ತಿರ ಬಂದಾಗ ಒಂದು ದಿನದ ಕೆಲಸ ಮೂರು ದಿನ ಆಗುತ್ತದೆ. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ತಂತಿಯೋ ಇದ್ದರೆ ಇವತ್ತೇ ತೆಗೆಯಿರಿ.

ರಿಲೇ ಒಳ್ಳೆಯ ಯೋಚನೆ. 60 ವ್ಯಾಟಿನ ಎರಡು ಬಲ್ಬ್ ಅಂದರೆ 10 ಆಂಪಿಯರ್, ಅಷ್ಟನ್ನೂ ಆ ಹಳೇ ಸ್ವಿಚ್ ಮೂಲಕ ಕಳಿಸಬಾರದು. ರಿಲೇ ಪಿನ್ನುಗಳ ಮೇಲೆ ನಂಬರ್ ಇರುತ್ತದೆ: ಸ್ವಿಚ್ಚಿನಿಂದ ಬರುವ ವೈರ್ 86ಕ್ಕೆ, 85 ಅರ್ತಿಗೆ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ 30ಕ್ಕೆ, 87ರಿಂದ ಬಲ್ಬಿಗೆ. ಡಿಮ್‌ಗೊಂದು, ಬ್ರೈಟ್‌ಗೊಂದು. ಆದರೆ ಡೈನಮೋ ಗಾಡಿಯಲ್ಲಿ ಇದಕ್ಕಿಂತ ಜಾಸ್ತಿ ವ್ಯಾಟಿನ ಬಲ್ಬ್ ಬೇಡ. ಐಡ್ಲಿಂಗ್‌ನಲ್ಲಿ ಲೈಟ್ ಸ್ವಲ್ಪ ಮಂದವಾಗುವುದು, ಕೆಂಪು ಲೈಟ್ ಮಿಣುಕುವುದು ಡೈನಮೋ ಸ್ವಭಾವ, ಅದಕ್ಕೆ ಹೆದರಬೇಡಿ.

ತೀರ್ಥಹಳ್ಳಿ_ಪದ್ಮಿನಿ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಅರ್ತ್ ಪಟ್ಟಿ ಬಿಗಿದ ಮೇಲೆ ಅದೇ ಜಾಗದಲ್ಲಿ 0.2 ವೋಲ್ಟ್. ಇಂಜಿನ್ ಒಂದೇ ಹೊಡೆತಕ್ಕೆ ಶುರು, ಚೋಕ್ ಗುಂಡಿ ತಣ್ಣಗಿದೆ. ಕೇಬಲ್ ಮಾತ್ರ ಒಳಗೆ ಸುಟ್ಟಿತ್ತು, ಹೊಸದು ಹಾಕಿದೆ. ಡಿಕ್ಕಿಯೊಳಗೆ ನಾಣ್ಯದಷ್ಟು ಪೇಂಟ್ ತಿಕ್ಕಿದೆ, ಬ್ರೇಕ್ ಲೈಟ್ ಈಗ ಕೆಂಪಗೆ ಕಣ್ಣು ಕುಕ್ಕುವಂತೆ ಬರುತ್ತದೆ, ಮೀಟರ್ ಲೈಟ್ ಹತ್ತುವುದಿಲ್ಲ. ಡೈನಮೋ ಪರೀಕ್ಷೆ ಮಾಡಿದೆ, 14 ದಾಟಿತು. ಕುರ್ಲಾ ಅಣ್ಣ ಹುಡುಕಿ ಕಳಿಸಿದ ಕಟೌಟ್ ಮೊನ್ನೆ ಬಂತು, ಡಬ್ಬಿ ಕೂಡ ಬಿಚ್ಚಿರಲಿಲ್ಲ. ಹಾಕಿದ ಮೇಲೆ ಮೂರು ರಾತ್ರಿ ಆಯಿತು, ಬೆಳಿಗ್ಗೆ ಬ್ಯಾಟರಿ ಪೂರ್ತಿ ಚಾರ್ಜಿನ 12.6 ವೋಲ್ಟಿನಲ್ಲೇ ಇದೆ.

ನಿನ್ನೆ ಸಂಜೆ ಅಮ್ಮನನ್ನು ಕೂರಿಸಿಕೊಂಡು ರಾಮಮಂಟಪದ ತನಕ ಹೋಗಿ ಬಂದೆ. ಬರುವಾಗ ಕತ್ತಲಾಗಿತ್ತು. ಲೈಟ್ ಹಾಕಿದಾಗ ಅಮ್ಮ ಮೀಟರ್ ಕಡೆ ಬಾಗಿ ನೋಡಿ, "ಇದು ಇಷ್ಟೇ ಹಸಿರಾಗಿ ಇತ್ತು" ಅಂದರು.

ಎಡಗಡೆಯ ಟೇಲ್ ಲ್ಯಾಂಪ್ ಗಾಜು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಒಡೆದದ್ದನ್ನೇ ಅಂಟಿಸಿ ಓಡಿಸುತ್ತಿದ್ದೇನೆ. ಯಾರ ಕಣ್ಣಿಗಾದರೂ ಬಿದ್ದರೆ ಇಲ್ಲೇ ತಿಳಿಸಿ.