ಹಳೇ ವ್ಯಾಗನ್ ಆರ್ ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತದೆ, ಮೊದಲು ಏನು ನೋಡಬೇಕು?

ಕೇಳಿದವರು, ವಿಜಯಪುರ:

2005ರ ಪೆಟ್ರೋಲ್ ವ್ಯಾಗನ್ ಆರ್. ಓಡುವಾಗ ಏನೂ ತಕರಾರಿಲ್ಲ. ಕೊಲ್ಹಾರ ಸೇತುವೆ ದಾಟಿ ಬಾಗಲಕೋಟೆವರೆಗೆ ಆರಾಮಾಗಿ ಹೋಗುತ್ತದೆ. ಗಾಂಧಿ ಚೌಕದಲ್ಲಿ ನಿಂತರೆ ಮಾತ್ರ ಸ್ಟೇರಿಂಗ್, ಸೀಟು ಎಲ್ಲಾ ಗಡಗಡ. ಎಂಜಿನ್ ಕಾದ ಮೇಲೆ ಜಾಸ್ತಿ. ಎಸಿ ಹಾಕಿದರೆ ಒಮ್ಮೊಮ್ಮೆ ಬಂದ್ ಬೀಳುತ್ತದೆ. ಮಿಸ್ತ್ರಿ ಪ್ಲಗ್ ಬದಲಿಸಿದರು, ಫರಕ್ ಆಗಲಿಲ್ಲ. ಈಗ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ), ಪೆಟ್ರೋಲ್ ಪಂಪ್ ಎರಡೂ ಹೊಸದು ಹಾಕೋಣ ಅನ್ನುತ್ತಿದ್ದಾರೆ. ಮೀಟರ್‌ನಲ್ಲಿ ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳೂ ಇಲ್ಲ. ಅನುಭವ ಇದ್ದವರು ಹೇಳ್ರಿ.

ಬಾಗಲಕೋಟೆ ನವನಗರದಿಂದ:

ಪಂಪಿಗೆ ಈಗಲೇ ದುಡ್ಡು ಹಾಕಬೇಡ್ರಿ ಸರ್. ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಗಾಡಿ ಎಳೆಯುವುದಿಲ್ಲ. ನಿಂತಾಗ ಎಂಜಿನ್‌ಗೆ ಬೇಕಾಗುವ ಪೆಟ್ರೋಲ್ ಬಹಳ ಕಡಿಮೆ. ನಿಮ್ಮದು ಹೈವೇಯಲ್ಲಿ ಚೆನ್ನಾಗಿ ಓಡುತ್ತಿದೆ ಅಂದರೆ ಪಂಪ್ ಮೇಲೆ ಅನುಮಾನ ಕೊನೆಗೆ ಇಡ್ರಿ.

ಏರ್ ಫಿಲ್ಟರ್ ತೆಗೆದು ನೋಡಿದಿರಾ? ನಮ್ಮ ಕಡೆ ಬೇಸಿಗೆಯ ಧೂಳಿಗೆ ಅದು ಬೇಗ ಕಟ್ಟುತ್ತದೆ. ನೋಡುವುದಕ್ಕೆ ಖರ್ಚೇನೂ ಇಲ್ಲ.

ಬೆಳಗಾವಿಯಿಂದ:

ಹಳೇ ಗಾಡಿಗಳದ್ದು ಒಂದೇ ಕಥೆ. ನಡುಗುತ್ತದೆ ಅಂದ ಕೂಡಲೇ ಸಾಮಾನು ಬದಲಿಸುವುದು ಶುರು. ಯಾವಾಗ ನಡುಗುತ್ತದೆ, ಹೇಗೆ ನಡುಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ನೀವೇ ಮನೆ ಮುಂದೆ ನೋಡಿಕೊಳ್ಳಬಹುದು.

ಸಿಗ್ನಲ್‌ನಲ್ಲಿ ನಿಮ್ಮ ಕಾಲು ಬ್ರೇಕ್ ಮೇಲೇ ಇರುತ್ತದೆ ಅಲ್ವಾ? ಮೊದಲು ಅದನ್ನೇ ಪರೀಕ್ಷೆ ಮಾಡಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಪೆಡಲ್ ಮುಟ್ಟದೆ ಶಬ್ದ ಕೇಳಿ. ಆಮೇಲೆ ಬ್ರೇಕ್ ಒತ್ತಿ ಹಿಡಿಯಿರಿ. ಒತ್ತಿ ಹಿಡಿದಷ್ಟು ಹೊತ್ತೂ ಎಂಜಿನ್ ಶಬ್ದ ಬದಲಾಗಿಯೇ ಇದ್ದರೆ, ಪೆಡಲ್ ಹತ್ತಿರ ಸುಂಯ್ ಅಂತ ಕೇಳಿದರೆ, ಬ್ರೇಕ್ ಬೂಸ್ಟರ್ (ಎಂಜಿನ್ ಗಾಳಿ ಎಳೆಯುವ ಬಲದಿಂದ ಪೆಡಲ್ ಹಗುರ ಮಾಡುವ ಡಬ್ಬಿ) ಅಥವಾ ಅದರ ಪೈಪಿನಲ್ಲಿ ಗಾಳಿ ಲೀಕ್ ಇದೆ. ಇದನ್ನು ತಡ ಮಾಡಬೇಡಿ, ಬ್ರೇಕಿನ ವಿಷಯ.

ಇನ್ನೊಂದು, ಪೇಪರ್ ಪರೀಕ್ಷೆ. ಪೇಪರಿನ ಒಂದು ಚೂರನ್ನು ಸೈಲೆನ್ಸರ್ ಬಾಯಿಯ ಹತ್ತಿರ ಹಿಡಿಯಿರಿ. ಒಂದೇ ಲಯದಲ್ಲಿ ಪಟಪಟ ಹೊರಗೆ ಬಡಿದರೆ ನಾಲ್ಕೂ ಸಿಲಿಂಡರ್ ಕೆಲಸ ಮಾಡುತ್ತಿವೆ. ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪೇಪರ್ ಆಗಾಗ ಒಳಗೆ ಎಳೆದುಕೊಂಡಂತಾದರೆ ಸಿಲಿಂಡರ್ ಬಾಯಿ ತೆರೆದು ಮುಚ್ಚುವ ವಾಲ್ವ್ ಮೇಲೂ ಕಣ್ಣಿಡಬೇಕು.

ಮಿಸ್ಸಿಂಗ್ ಅಂತ ಖಾತ್ರಿಯಾದರೆ ಯಾವ ಸಿಲಿಂಡರ್ ಅಂತ ಹುಡುಕಬೇಕು. ಕೆಲವು ಮಿಸ್ತ್ರಿಗಳು ಚಾಲೂ ಎಂಜಿನ್‌ನಲ್ಲಿ ಪ್ಲಗ್ ವೈರ್ ಕಿತ್ತು ನೋಡುತ್ತಾರೆ. ಅದು ಬೇಡ. ಶಾಕ್ ಹೊಡೆಯುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ. ಅದರ ಬದಲು ಇಂಜೆಕ್ಟರ್‌ನ ಕನೆಕ್ಟರ್ ಒಂದೊಂದೇ ತೆಗೆದು ಹಾಕಿಸಿ. ತೆಗೆದಾಗ ಎಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ಸರಿ ಇದೆ. ತೆಗೆದರೂ ಏನೂ ಫರಕ್ ಆಗಲಿಲ್ಲ ಅಂದರೆ ಅದೇ ಕಳ್ಳ. ಅದರ ಪ್ಲಗ್, ವೈರ್ ಪಕ್ಕದ ಸಿಲಿಂಡರ್‌ಗೆ ಹಾಕಿ ನೋಡಿ. ದೋಷವೂ ಜೊತೆಗೆ ಹೋದರೆ ಸಾಮಾನಿನದ್ದೇ ತಪ್ಪು. ಹೋಗದಿದ್ದರೆ ಆಮೇಲೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ.

ಪ್ಲಗ್ ಬದಲಿಸಿದರು ಅಂದಿರಿ, ಪ್ಲಗ್ ವೈರ್ ಬದಲಿಸಿದರಾ? ಇಲ್ಲಿ ಖಾನಾಪುರ ರಸ್ತೆ ಕಡೆ ಮಳೆಗಾಲದಲ್ಲಿ ಹಳೇ ವೈರ್‌ಗಳು ಬಹಳ ಕಾಟ ಕೊಡುತ್ತವೆ. ರಾತ್ರಿ ಲೈಟ್ ಆರಿಸಿ ಬಾನೆಟ್ ತೆಗೆದು ನೋಡಿದರೆ ಬಿರುಕಿನಿಂದ ಸಣ್ಣ ನೀಲಿ ಕಿಡಿ ಎಂಜಿನ್ ಮೈಗೆ ಹಾರುವುದು ಕಾಣುತ್ತದೆ. ನೋಡ್ರಿ, ಕೈ ಮಾತ್ರ ಹಾಕಬೇಡಿ.

ಪೇಪರ್ ಸರಿ ಬಡಿದು, ಎಸಿ ಹಾಕಿದಾಗ ಮಾತ್ರ ಸಾಯುತ್ತದೆ ಅಂದರೆ ನನ್ನ ಲೆಕ್ಕ ಬೇರೆ. ಎಸಿ ಹಾಕಿದ ಕೂಡಲೇ ಎಂಜಿನ್ ಮೇಲೆ ಭಾರ ಬೀಳುತ್ತದೆ. ನಿಂತಾಗ ಎಂಜಿನ್‌ಗೆ ಗಾಳಿ ಬಿಡುವ ಐಡಲ್ ವಾಲ್ವ್ ಆಗ ಜಾಸ್ತಿ ಗಾಳಿ ಬಿಟ್ಟು ರೇಸ್ ಎತ್ತಿ ಹಿಡಿಯಬೇಕು. ಎಂಜಿನ್‌ಗೆ ಗಾಳಿ ಹೋಗುವ ದಾರಿಯಾದ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದ್ದರೆ ಅದಕ್ಕೆ ಆಗುವುದಿಲ್ಲ.

ವಿಜಯಪುರದಿಂದ ಇನ್ನೊಬ್ಬರು:

ಅಣ್ಣಾ, ಗಾಡಿಗೆ ಎಲ್‌ಪಿಜಿ ಕಿಟ್ ಇದೆಯಾ? ಇದ್ದರೆ ಗ್ಯಾಸ್, ಗಾಳಿ ಬೆರೆಸುವ ಮಿಕ್ಸರ್ ಕೂರಿಸಿದ ರಬ್ಬರ್ ಪೈಪಿನ ಕ್ಲಾಂಪ್ ನೋಡಿ, ಅಲ್ಲಿಂದ ಗಾಳಿ ಎಳೆಯುತ್ತದೆ. ಗ್ಯಾಸ್ ಮೇಲೆ ವರ್ಷಗಟ್ಟಲೆ ಓಡಿದ ಎಂಜಿನ್‌ನಲ್ಲಿ ವಾಲ್ವ್ ಸೀಟು ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಟ್ಟಿರುವ ಸಣ್ಣ ಸಂದು) ಕಡಿಮೆಯಾಗಬಹುದು. ಆಗ ಕಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ನಡುಕ ಜಾಸ್ತಿ.

ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ (ಕಬ್ಬಿನಿಂದಲೂ ಮಾಡುವ ಮದ್ಯಸಾರ) ಇರುತ್ತದೆ. 2005ರ ಗಾಡಿಯ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ನಮ್ಮ ಕಬ್ಬೇ ನಮ್ಮ ಪೈಪ್ ತಿನ್ನುತ್ತಿದೆ ನೋಡ್ರಿ. ಪೆಟ್ರೋಲ್ ಪೈಪುಗಳನ್ನು ಒಮ್ಮೆ ಬಗ್ಗಿಸಿ ಬಿರುಕು ನೋಡಿಸಿ.

ಕೇಳಿದವರು:

ಕಿಟ್ ಇಲ್ಲ. ಬ್ರೇಕ್ ಒತ್ತಿದರೆ ಏನೂ ಬದಲಾಗಲಿಲ್ಲ. ಪೇಪರ್ ಒಂದೇ ಸಮ ಬಡಿಯಿತು. ಎಸಿ ಹಾಕಿದ ಕೂಡಲೇ ಎಂಜಿನ್ ಕುಗ್ಗಿತು. ಫಿಲ್ಟರ್ ಮಾತ್ರ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಬದಲಿಸಿದೆ.

ಬೆಳಗಾವಿಯಿಂದ:

ಹಾಗಾದರೆ ಥ್ರಾಟಲ್ ಬಾಡಿ, ಐಡಲ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡಿಸಿ. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಹೊಸದು ಹಾಕಿಸಿ, ಹಳೆಯದನ್ನೇ ಕೂರಿಸಿದರೆ ಅಲ್ಲೇ ಗಾಳಿ ಲೀಕ್ ಶುರುವಾಗುತ್ತದೆ. ಎಂಜಿನ್ ಬಿಸಿ ಇದ್ದಾಗ ಕ್ಲೀನರ್ ಸ್ಪ್ರೇ ಹೊಡೆಯಬಾರದು, ಬೆಂಕಿ ಹತ್ತುತ್ತದೆ. ಕ್ಲೀನ್ ಆದ ಮೇಲೆ ಸ್ವಲ್ಪ ಹೊತ್ತು ರೇಸ್ ಮೇಲೆ ನಿಲ್ಲಬಹುದು, ಗಾಬರಿ ಬೇಡ.

ನಡುಕ ಮಾತ್ರ ಉಳಿದು, ಎಂಜಿನ್ ಶಬ್ದ ಸಮ ಇದ್ದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿರುವ ರಬ್ಬರ್) ನೋಡಿಸಿ. ಇಷ್ಟು ಹಳೇ ಗಾಡಿಯಲ್ಲಿ ಆ ರಬ್ಬರ್ ಕಲ್ಲಾಗಿರುತ್ತದೆ. ಥ್ರಾಟಲ್ ಸ್ಕ್ರೂ ತಿರುಗಿಸಿ ರೇಸ್ ಏರಿಸಿ ಕೊಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ನಡುಕ ನಿಲ್ಲುತ್ತದೆ, ರೋಗ ಒಳಗೇ ಇರುತ್ತದೆ, ಮೈಲೇಜ್ ಬೀಳುತ್ತದೆ.